ಡಚ್ ಬಂದರು ಚಿತ್ರಗಳು: ಮಸಿ ಮತ್ತು ತೆಳುಮಸಿಯ ಪರಂಪರೆ

ಹಕ್ಕಿಗರಿಯ ಲೇಖನಿಯಿಂದ ಗೆರೆ ಎಳೆದು, ನೀರು ಬೆರೆಸಿ ತೆಳುಮಾಡಿದ ಮಸಿಯನ್ನು ಅದರ ಮೇಲೆ ಕುಂಚದಿಂದ ಹರಿಸಿ, ಬಂದರಿನ ಹಡಗು, ನೀರು, ಜನ ಮತ್ತು ಕೆಲಸವನ್ನು ಕಾಗದದಲ್ಲಿ ಮೂಡಿಸುವ ಚಿತ್ರಪ್ರಕಾರವಿದು. ನೆದರ್ಲೆಂಡ್ಸ್‌ನಲ್ಲಿ 17ನೆಯ ಶತಮಾನದ ಉದ್ದಕ್ಕೂ ಬೆಳೆದು, 18ನೆಯ ಶತಮಾನದಲ್ಲಿ ನಯವಾದ ಸಂಗ್ರಹವಸ್ತುವಾಗಿ ಮಾರ್ಪಟ್ಟು, 19ನೆಯ ಶತಮಾನದಲ್ಲಿ ಹೊಸ ಹುರುಪಿನಿಂದ ಮತ್ತೆ ಕಾಣಿಸಿಕೊಂಡಿತು. ಇವುಗಳಲ್ಲಿ ಬಹುಪಾಲು ಹಾಳೆಗಳು ಗೋಡೆಗೆ ತೂಗುಹಾಕಲು ಬರೆದವಲ್ಲ. ಯಾವ ಹಡಗಿಗೆ ಎಷ್ಟು ಫಿರಂಗಿ ಕಿಂಡಿಗಳಿವೆ, ಹಾಯಿ ಹೇಗೆ ಸುತ್ತಿದ್ದಾರೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನು ಮರೆಯದಂತೆ ಗುರುತು ಹಾಕಿಕೊಂಡ ಕಚ್ಚಾ ಕಾಗದಗಳು ಅವು. ಈ ಚಿತ್ರಗಳ ಸೊಗಸು ಹುಟ್ಟಿರುವುದೇ ಮಾಹಿತಿಯ ಈ ಹಸಿವಿನಿಂದ. ಸುಂದರವಾಗಿ ಕಾಣಬೇಕೆಂದು ಬರೆದ ದೊಡ್ಡ ತೈಲಚಿತ್ರಗಳಿಗಿಂತ, ಕಂಡದ್ದು ತಪ್ಪಿಹೋಗಬಾರದೆಂದು ಬರೆದ ಈ ಸಣ್ಣ ಹಾಳೆಗಳಲ್ಲೇ ಅಂದಿನ ಬಂದರು ಹೆಚ್ಚು ಜೀವಂತವಾಗಿದೆ.

ಈ ಚಿತ್ರಗಳ ವಿನ್ಯಾಸ ಅರ್ಥವಾಗಬೇಕಾದರೆ ಮೊದಲು ಆಮ್‌ಸ್ಟರ್‌ಡಾಮ್‌ನ ನೀರನ್ನು ಅರಿಯಬೇಕು. ಈ ನಗರ ತೆರೆದ ಸಮುದ್ರದ ದಡದಲ್ಲಿರಲಿಲ್ಲ. ಝೌಡರ್‌ಝೀ ಎಂಬ ಒಳಸಮುದ್ರದ ಚಾಚಿನಂತಿದ್ದ ಐ ಎಂಬ ಹಿನ್ನೀರಿನ ಬದಿಯಲ್ಲಿತ್ತು. ಐ ಹಿನ್ನೀರಿನ ಬಾಯಲ್ಲೇ ಪಾಂಪುಸ್ ಎಂಬ ಕೆಸರುದಿಬ್ಬವಿತ್ತು. ಸರಕು ತುಂಬಿದ ದೊಡ್ಡ ಹಡಗು ಅದನ್ನು ದಾಟಲಾರದು. ಹೀಗಾಗಿ ಪೂರ್ವದೇಶಗಳಿಂದ ಬಂದ ಹಡಗುಗಳು ಉತ್ತರದ ಟೆಕ್ಸೆಲ್ ದ್ವೀಪದ ಮರೆಯಲ್ಲಿ ಲಂಗರು ಹಾಕಿ, ಸರಕನ್ನು ಚಪ್ಪಟೆ ತಳದ ದೋಣಿಗಳಿಗೆ ಇಳಿಸುತ್ತಿದ್ದವು. ಹೊರಡುವಾಗಲೂ ಅದೇ ಕಷ್ಟ. ಮೂಡಣ ಗಾಳಿ ಬೀಸುವವರೆಗೆ ಟೆಕ್ಸೆಲ್‌ನಲ್ಲಿ ವಾರಗಟ್ಟಲೆ ಕಾಯಬೇಕು. 1690ರಲ್ಲಿ ಮೇಯುವಿಸ್ ಮೇಯ್ನ್‌ಡರ್ಟ್ಸ್ ಬಾಕರ್ ಎಂಬಾತ ಪಾಂಪುಸ್ ದಾಟಿಸಲು ಒಂದು ಉಪಾಯ ಕಂಡುಹಿಡಿದ. ಮರದ ಎರಡು ಟೊಳ್ಳು ತೇಲುಪೆಟ್ಟಿಗೆಗಳಿಗೆ ನೀರು ತುಂಬಿ ಮುಳುಗಿಸಿ, ಹಡಗಿನ ಎರಡೂ ಮಗ್ಗುಲಿಗೆ ಬಿಗಿದು, ಬಳಿಕ ನೀರನ್ನು ಪಂಪಿನಿಂದ ಹೊರಗೆಳೆದರೆ ಹಡಗು ತಾನಾಗಿ ಮೇಲೇಳುತ್ತಿತ್ತು. ಜನ ಅದನ್ನು ಒಂಟೆ ಎಂದು ಕರೆದರು.

ನಗರದ ಮುಂದೆ ನೀರಿನಲ್ಲಿ ಮರದ ಗೂಟಗಳ ಜೋಡಿಸಾಲು ನೆಟ್ಟಿದ್ದರು. ಹಡಗುಗಳನ್ನು ಕಟ್ಟುತ್ತಿದ್ದದ್ದು ಆ ಗೂಟಗಳಿಗೆ. ಸಾಲಿನ ನಡುವಿನ ದಾರಿಗಳನ್ನು ರಾತ್ರಿ ದಿಮ್ಮಿ ಅಡ್ಡಹಾಕಿ ಮುಚ್ಚುತ್ತಿದ್ದರು. ಇಂದಿನ ದಕ್ಕೆಗಳಲ್ಲಿ ಕಾಣುವಂತೆ ಹಡಗು ಕಲ್ಲುಕಟ್ಟೆಗೆ ಅಂಟಿ ನಿಲ್ಲುವ ದೃಶ್ಯ ಈ ಚಿತ್ರಗಳಲ್ಲಿ ಅಪರೂಪ. ವಿಶಾಲವಾದ ನೀರು, ಅದರ ನಡುವೆ ದೊಡ್ಡ ಹಡಗು, ಅದಕ್ಕೂ ದಡಕ್ಕೂ ನಡುವೆ ಓಡಾಡುವ ಹತ್ತಾರು ಸಣ್ಣ ದೋಣಿಗಳು: ಡಚ್ ಬಂದರು ಚಿತ್ರದ ಮೂಲವಿನ್ಯಾಸ ಇದು. ಕಲಾವಿದರು ಕಟ್ಟಿಕೊಂಡ ಸಂಯೋಜನೆ ಎಂದು ಇದನ್ನು ಹೊಗಳುವುದುಂಟು. ಆದರೆ ಅರ್ಧಕ್ಕಿಂತ ಹೆಚ್ಚು ಪಾಲು ಆ ಕೆಸರುದಿಬ್ಬಕ್ಕೂ ಗೂಟಗಳಿಗೂ ಸಲ್ಲಬೇಕು. ಕಾಯುವಿಕೆಯೂ ಹಾಗೆಯೇ ಚಿತ್ರದ ವಸ್ತುವಾಯಿತು. ಗಾಳಿಯಿಲ್ಲದ ದಿನ, ಮಳೆಯಲ್ಲಿ ನೆನೆದ ಹಾಯಿಗಳನ್ನು ಕೊಳೆಯದಿರಲೆಂದು ಸಡಿಲಬಿಟ್ಟು ಒಣಗಿಸುತ್ತಿರುವ ಹಡಗುಗಳು ಹಾಳೆಯಿಂದ ಹಾಳೆಗೆ ಕಾಣುತ್ತವೆ.

ಬಳಸಿದ ಸಾಮಗ್ರಿ ಸರಳ. ಲೇಖನಿ ಸಾಮಾನ್ಯವಾಗಿ ಹೆಬ್ಬಾತಿನ ಗರಿಯದು. ದಪ್ಪ, ಒರಟು ಗೆರೆ ಬೇಕಾದವರು ಜೊಂಡಿನ ಲೇಖನಿ ಹಿಡಿದರು. ಮಸಿಯಲ್ಲಿ ಮುಖ್ಯವಾಗಿ ಮೂರು ಬಗೆ. ಓಕ್ ಮರದ ಮಾಚಿಕಾಯಿಯ ಕಷಾಯಕ್ಕೆ ಅನ್ನಭೇದಿ ಸೇರಿಸಿ, ಅರಬ್ಬೀ ಗೋಂದಿನಿಂದ ಮಂದ ಮಾಡಿದ್ದು ಒಂದು. ಬರೆದಾಗ ಕಪ್ಪಗಿದ್ದು ಕಾಲಕ್ರಮದಲ್ಲಿ ಕಂದಿ ಕಂದುಬಣ್ಣಕ್ಕೆ ತಿರುಗುವ ಮಸಿ ಇದೇ. ಬೀಚ್ ಸೌದೆಯ ಹೊಗೆಮಸಿಯನ್ನು ನೀರಿನಲ್ಲಿ ಕುದಿಸಿ ತೆಗೆದ ಕಂದು ದ್ರವ ಇನ್ನೊಂದು. ದೀಪದ ಕಾಡಿಗೆಯಿಂದ ಮಾಡಿದ, ಎಂದೂ ಬಣ್ಣಗೆಡದ ಕಪ್ಪುಮಸಿ ಮೂರನೆಯದು. ಕಡಲಚಿತ್ರಕಾರರು ತೆಳುಮಸಿಗೆ ಹೆಚ್ಚಾಗಿ ಆರಿಸಿಕೊಂಡದ್ದು ಈ ಕಪ್ಪನ್ನು ನೀರಿನಲ್ಲಿ ಕದಡಿದ ಬೂದು. ಮಾಚಿಕಾಯಿ, ಅನ್ನಭೇದಿಗಳು ನಮ್ಮ ಗ್ರಂಧಿಗೆ ಅಂಗಡಿಯ ಪರಿಚಿತ ಸರಕುಗಳೇ ಆದ್ದರಿಂದ ಕನ್ನಡ ಓದುಗರಿಗೆ ಈ ಪಾಕ ತೀರ ಹೊಸದೆನಿಸದು.

ಕಾಗದ ನಾರುಬಟ್ಟೆಯ ಚಿಂದಿಯಿಂದ ಮಾಡಿದ್ದು. ಬೆಳಕಿಗೆ ಹಿಡಿದರೆ ಅಚ್ಚಿನ ತಂತಿಗಳ ಸಾಲೂ ತಯಾರಕನ ನೀರುಗುರುತೂ ಕಾಣುತ್ತವೆ. ಮೊದಲು ಸೀಸಕಡ್ಡಿಯಿಂದ ಹಗುರಾಗಿ ಆಕಾರ ಗುರುತಿಸಿ, ಬಳಿಕ ತೆಳುಮಸಿ ಹಚ್ಚಿ, ಕೊನೆಗೆ ಮುಖ್ಯವಾದ ಅಂಚುಗಳನ್ನು ಲೇಖನಿಯಿಂದ ಗಟ್ಟಿಮಾಡುವುದು ಒಂದು ಸಾಮಾನ್ಯ ಕ್ರಮ. ಬಿಳಿಬಣ್ಣದ ಬಳಕೆ ಕಡಿಮೆ. ಹಾಯಿಯ ಹೊಳಪು, ನೀರಿನ ಮೇಲಿನ ಬೆಳಕು, ಫಿರಂಗಿಯ ಹೊಗೆ ಎಲ್ಲವೂ ಮಸಿ ತಾಗದೆ ಉಳಿಸಿದ ಖಾಲಿ ಕಾಗದವೇ. ಎಲ್ಲಿ ಮುಟ್ಟಬಾರದು ಎಂಬ ತಿಳಿವಳಿಕೆ ಇಲ್ಲಿ ಕೈಚಳಕದಷ್ಟೇ ಮುಖ್ಯ. ಒಮ್ಮೆ ಹರಿದ ತೆಳುಮಸಿಯನ್ನು ತೈಲವರ್ಣದಂತೆ ಕೆರೆದು ತಿದ್ದಲಾಗದು.

ಪರಂಪರೆಯ ಮೊದಲ ತಲೆಮಾರಿನಲ್ಲಿ ಹಾರ್ಲೆಮ್‌ನ ಹೆಂಡ್ರಿಕ್ ವ್ರೂಮ್ ಮುಖ್ಯನು. ಹಡಗನ್ನು ಹಿನ್ನೆಲೆಯ ಅಲಂಕಾರವಾಗಿ ಬಿಡದೆ ಚಿತ್ರದ ನಾಯಕನನ್ನಾಗಿ ಮಾಡಿದ ಕೀರ್ತಿ ಅವನದು. ಅದೇ ಹಾರ್ಲೆಮ್‌ನ ಇನ್ನೊಬ್ಬ ಚಿತ್ರಕಾರ ಕಾರ್ನೆಲಿಸ್ ಕ್ಲಾಸ್ ಹೇಡಾ ಸುತ್ತುದಾರಿ ಹಿಡಿದು ಬಿಜಾಪುರ ಸೇರಿ, ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿ ಕೆಲಸಮಾಡಿ ಅಲ್ಲಿಯೇ ತೀರಿಕೊಂಡ. ಕಡಲಚಿತ್ರಕ್ಕೂ ಹೇಡಾನಿಗೂ ನೇರ ನಂಟಿಲ್ಲ. ಆದರೂ ಹಾರ್ಲೆಮ್‌ನ ಕುಂಚವೊಂದು ಹಾಗೆ ಕನ್ನಡ ನೆಲದವರೆಗೆ ಬಂದಿತ್ತು. ಕರಾವಳಿಯ ಬಸರೂರಿನೊಡನೆಯೂ ಡಚ್ ಈಸ್ಟ್ ಇಂಡಿಯಾ ಕಂಪನಿ 17ನೆಯ ಶತಮಾನದಲ್ಲಿ ಅಕ್ಕಿ, ಕಾಳುಮೆಣಸಿನ ವ್ಯಾಪಾರ ನಡೆಸಿತ್ತು.

ಬಂದರು ಚಿತ್ರಗಳ ಚರಿತ್ರೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಾಳೆ ಉಳಿಸಿಹೋದವರು ವಿಲ್ಲೆಮ್ ವಾನ್ ಡೆ ವೆಲ್ಡ ಎಂಬ ಒಂದೇ ಹೆಸರಿನ ತಂದೆ ಮಗ. ತಂದೆ 1611ರಲ್ಲಿ ಲೈಡನ್‌ನಲ್ಲಿ ಹುಟ್ಟಿದ. ಅವನಪ್ಪ ಹಡಗಿನವನು. ಮನೆಯ ಮಾತೇ ಹಾಯಿ ಹಗ್ಗಗಳದ್ದು. ಮಗ ಹುಟ್ಟಿದ್ದು 1633ರಲ್ಲಿ. ಕುಟುಂಬ ಆಮ್‌ಸ್ಟರ್‌ಡಾಮಿಗೆ ಬಂದು ನೆಲೆಸಿತು. ತಂದೆ ಡಚ್ ನೌಕಾಪಡೆಯ ಜೊತೆಯಲ್ಲೇ ಯುದ್ಧಕ್ಕೆ ಹೋಗುತ್ತಿದ್ದ. ಸಣ್ಣ ಹಾಯಿದೋಣಿಯಲ್ಲಿ ಕುಳಿತು ಫಿರಂಗಿಗಳ ನಡುವೆಯೇ ಚಿತ್ರ ಬರೆಯುತ್ತಿದ್ದ. 1653ರ ಟೆರ್‌ಹೈಡೆ ಕದನ, 1658ರ ಸೌಂಡ್ ಜಲಸಂಧಿಯ ಕದನ, 1666ರಲ್ಲಿ ನಾಲ್ಕು ದಿನ ನಡೆದ ಕದನ ಇವೆಲ್ಲ ಅವನ ಕಾಗದಕ್ಕಿಳಿದವು. ಟೆರ್‌ಹೈಡೆ ಕದನವನ್ನು ಕುರಿತು 1657ರಲ್ಲಿ ಮುಗಿಸಿದ ದೊಡ್ಡ ಚಿತ್ರ ಈಗ ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ. ಅದರ ಮುಂಭಾಗದ ದೋಣಿಯಲ್ಲಿ ಹಾಳೆ ಹಿಡಿದು ಗೀಚುತ್ತ ಕುಳಿತಿರುವವನು ಸ್ವತಃ ವಾನ್ ಡೆ ವೆಲ್ಡ. ಕಂಡೇ ಬರೆದದ್ದು ಎಂಬುದಕ್ಕೆ ತನ್ನನ್ನೇ ಸಾಕ್ಷಿ ನಿಲ್ಲಿಸಿದ್ದಾನೆ.

ಆ ಚಿತ್ರ ಬರೆದ ವಿಧಾನವೂ ವಿಶೇಷವಾದದ್ದು. ಹಲಗೆಗೆ ಅಥವಾ ಕ್ಯಾನ್‌ವಾಸಿಗೆ ನುಣುಪಾದ ಬಿಳಿ ಲೇಪ ಹಚ್ಚಿ, ಅದರ ಮೇಲೆ ಲೇಖನಿ ಮತ್ತು ಮಸಿಯಿಂದಲೇ ಇಡೀ ದೃಶ್ಯವನ್ನು ಗೆರೆಗೆರೆಯಾಗಿ ಬರೆಯುವುದು. ದೂರದಿಂದ ತಾಮ್ರದ ಅಚ್ಚಿನ ಮುದ್ರಣದಂತೆ ಕಾಣುವ ಈ ಲೇಖನಿ ವರ್ಣಚಿತ್ರಗಳಿಗೆ ತಿಂಗಳುಗಳ ದುಡಿಮೆ ಬೇಕು. ಹಗ್ಗದ ಒಂದೊಂದು ಎಳೆಯೂ, ಹಲಗೆಯ ಒಂದೊಂದು ಸಂದೂ ಅದರಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಹಾಗಿದ್ದೂ ಅವನ ಶಕ್ತಿ ಪೂರ್ತಿ ಕಾಣುವುದು ಇಂಥ ಸಾಹಸಗಳಲ್ಲಲ್ಲ, ಅವುಗಳಿಗಾಗಿ ಮಾಡಿಕೊಂಡ ಸಿದ್ಧತೆಯ ಹಾಳೆಗಳಲ್ಲಿ.

ಅಂಥ ಹಾಳೆಯೊಂದನ್ನು ಹತ್ತಿರದಿಂದ ನೋಡಿದರೆ ಕೆಲಸದ ಕ್ರಮ ತಿಳಿಯುತ್ತದೆ. ಹಡಗಿನ ಒಡಲನ್ನು ಸೀಸಕಡ್ಡಿಯ ನಾಲ್ಕಾರು ಉದ್ದ ಬಾಗುಗೆರೆಗಳಲ್ಲಿ ಹಿಡಿದಿರುತ್ತಾನೆ. ಕೂವೆಕಂಬಗಳು ಒಂದೊಂದೇ ಗೆರೆ. ಹಗ್ಗಗಳ ಜಾಲವನ್ನು ಪೂರ್ತಿ ಬರೆಯದೆ ಸೂಚಿಸಿ ಬಿಟ್ಟಿರುತ್ತಾನೆ. ಒಡಲಿನ ನೆರಳು ಬದಿಗೆ ಅಗಲ ಕುಂಚದ ಬೂದು ಪಟ್ಟಿ, ಕಿಂಡಿಗಳ ಬಾಯಿಗೆ ಗಾಢ ಚುಕ್ಕೆ. ಎಲ್ಲಕ್ಕಿಂತ ಹೆಚ್ಚು ಗಮನ ಹಿಂಬದಿಯ ಕೆತ್ತನೆಗೆ. ಅಂದಿನ ಡಚ್ ಹಡಗುಗಳಲ್ಲಿ ಹೆಸರನ್ನು ಅಕ್ಷರಕ್ಕಿಂತ ಹೆಚ್ಚಾಗಿ ಅಲ್ಲಿನ ಕೆತ್ತನೆಯೇ ಸಾರುತ್ತಿತ್ತು. ಸಿಂಹ ಕಂಡರೆ ಸಿಂಹದ ಹೆಸರಿನ ಹಡಗು, ನಗರದ ಲಾಂಛನ ಕಂಡರೆ ಆ ನಗರದ ಹೆಸರಿನದು. ನೀರನ್ನು ಎರಡು ಮೂರು ಅಡ್ಡಗೆರೆಗಳಲ್ಲಿ ಮುಗಿಸಿರುತ್ತಾನೆ. ಬದಿಯಲ್ಲಿ ಹಡಗಿನ ಹೆಸರು, ದಿನ, ಗಾಳಿಯ ದಿಕ್ಕು ಇತ್ಯಾದಿ ಟಿಪ್ಪಣಿಗಳು. ದೃಶ್ಯ ಅಗಲವಾದರೆ ಹಾಳೆಗೆ ಹಾಳೆ ಅಂಟಿಸಿ ಉದ್ದನೆಯ ಸುರುಳಿ ಮಾಡಿಕೊಳ್ಳುತ್ತಿದ್ದ. ಸೀಸಕಡ್ಡಿಯ ಚಿತ್ರದ ಮೇಲೆ ಒದ್ದೆ ಕಾಗದವಿಟ್ಟು ಒತ್ತಿ, ಎಡಬಲ ತಿರುಗಿದ ಪ್ರತಿ ತೆಗೆಯುತ್ತಿದ್ದ. ಹಾಗೆ ಮಾಡಿದರೆ ಒಂದೇ ಹಡಗು ಎರಡು ದಿಕ್ಕಿಗೂ ಮುಖ ಮಾಡಿ ಸಿಗುತ್ತದೆ. ತಂದೆ ಮಗ ಇಬ್ಬರಿಗೂ ಈ ರಾಶಿಯೇ ಬಂಡವಾಳ. ಗಿರಾಕಿ ಒಂದು ಹಡಗನ್ನು ಕೇಳಿದರೆ ಅದರ ಹಾಳೆ ತೆಗೆದು ತೈಲಚಿತ್ರ ಶುರುಮಾಡಬಹುದಿತ್ತು.

ನೆದರ್ಲೆಂಡ್ಸ್‌ಗೆ ಫ್ರಾನ್ಸ್, ಇಂಗ್ಲೆಂಡ್ ಎರಡೂ ಮುತ್ತಿಗೆ ಹಾಕಿದ 1672ರ ಕಷ್ಟಕಾಲದಲ್ಲಿ, ಆ ಚಳಿಗಾಲದ ಹೊತ್ತಿಗೆ, ಇಬ್ಬರೂ ಇಂಗ್ಲೆಂಡಿಗೆ ಹೋದರು. ಎರಡನೆಯ ಚಾರ್ಲ್ಸ್ ದೊರೆ 1674ರಲ್ಲಿ ಇಬ್ಬರಿಗೂ ವರ್ಷಕ್ಕೆ ತಲಾ 100 ಪೌಂಡ್ ಸಂಬಳ ಗೊತ್ತುಮಾಡಿದ. ತಂದೆಗೆ ಕಡಲಕದನಗಳ ರೇಖಾಚಿತ್ರ ಬರೆಯುವುದಕ್ಕೆ, ಮಗನಿಗೆ ಅವಕ್ಕೆ ಬಣ್ಣ ಕೊಡುವುದಕ್ಕೆ. ಗ್ರಿನಿಚ್‌ನ ಕ್ವೀನ್ಸ್ ಹೌಸ್‌ನಲ್ಲಿ ಅವರಿಗೆ ಕೆಲಸದ ಕೋಣೆ ಸಿಕ್ಕಿತು. ರೇಖೆಗೂ ಬಣ್ಣಕ್ಕೂ ರಾಜನ ಬೊಕ್ಕಸ ಸರಿಸಮ ಬೆಲೆ ಕಟ್ಟಿದ್ದು ಗಮನಿಸಬೇಕಾದ ಸಂಗತಿ. ತಂದೆ 1693ರಲ್ಲಿ, ಮಗ 1707ರಲ್ಲಿ ತೀರಿಕೊಂಡರು. ಆಮ್‌ಸ್ಟರ್‌ಡಾಮ್ ಬಂದರಿನ ಅತ್ಯಂತ ವೈಭವದ ಚಿತ್ರವನ್ನು ಮಗ ಬರೆದದ್ದು ದೇಶ ಬಿಟ್ಟ ಮೇಲೆ, 1686ರಲ್ಲಿ. ಬಂದರು ಅಧಿಕಾರಿಗಳಿಗಾಗಿ ಮಾಡಿದ ಆ ತೈಲಚಿತ್ರದ ನಡುವೆ ನಿಂತಿರುವುದು ಡಚ್ ನೌಕಾಧಿಪತಿ ಕಾರ್ನೆಲಿಸ್ ಟ್ರೋಂಪ್‌ನ ಹಳೆಯ ನಾಯಕಹಡಗು ಚಿನ್ನದ ಸಿಂಹ. ಆ ಹಡಗನ್ನು ಒಡೆದುಹಾಕಿದ್ದೂ ಅದೇ ವರ್ಷ.

ಲುಡಾಲ್ಫ್ ಬಾಕ್‌ಹೌಜನ್ ಬೇರೆ ದಾರಿಯಿಂದ ಬಂದವನು. ಜರ್ಮನಿಯ ಎಮ್‌ಡೆನ್‌ನಲ್ಲಿ 1630ರಲ್ಲಿ ಹುಟ್ಟಿ, ಆಮ್‌ಸ್ಟರ್‌ಡಾಮಿನ ಬಾರ್ಟೊಲೊಟ್ಟಿ ವರ್ತಕಮನೆಯಲ್ಲಿ ಗುಮಾಸ್ತನಾಗಿ ಸೇರಿದ. ಅಂದವಾದ ಕೈಬರಹಕ್ಕೆ ಹೆಸರಾದ. ಲೆಕ್ಕದ ಪುಸ್ತಕದಲ್ಲಿ ಪಳಗಿದ ಆ ಲೇಖನಿಯೇ ಹಡಗಿನ ಕಡೆ ತಿರುಗಿತು. ಅವನ ಗೆರೆಯ ಓಟದಲ್ಲಿ ಅಕ್ಷರ ಬರೆಯುವವನ ಕೈ ಕಾಣುತ್ತದೆ. ಬಿರುಗಾಳಿ ಎದ್ದಾಗ ದೋಣಿಯಲ್ಲಿ ತನ್ನನ್ನು ಹೊರಗೆ ಕರೆದೊಯ್ಯುವಂತೆ ಅಂಬಿಗರನ್ನು ಒತ್ತಾಯಿಸುತ್ತಿದ್ದನೆಂದು ಅವನ ಚರಿತ್ರೆ ಬರೆದ ಹೌಬ್ರಾಕನ್ ಹೇಳುತ್ತಾನೆ. ಐ ಹಿನ್ನೀರಿನಿಂದ ಕಾಣುವ ಆಮ್‌ಸ್ಟರ್‌ಡಾಮಿನ ನೋಟವನ್ನು ನಗರದ ಆಡಳಿತಗಾರರು ಅವನಿಂದ ಬರೆಸಿ ಫ್ರಾನ್ಸಿನ ವಿದೇಶಾಂಗ ಮಂತ್ರಿ ಲಿಯೋನ್‌ಗೆ ಉಡುಗೊರೆ ಕೊಟ್ಟರು. ಅದೀಗ ಲೂವ್ರ್‌ನಲ್ಲಿದೆ. ವಾನ್ ಡೆ ವೆಲ್ಡರು ಇಂಗ್ಲೆಂಡಿಗೆ ಹೋದಮೇಲೆ ನಗರದ ಮುಖ್ಯ ಕಡಲಚಿತ್ರಕಾರ ಅವನೇ. 1701ರಲ್ಲಿ, 70 ದಾಟಿದ ಮೇಲೆ, ಐ ಹಿನ್ನೀರಿನ ದೃಶ್ಯಗಳ ಅಚ್ಚುಚಿತ್ರ ಮಾಲೆ ಹೊರತಂದ.

ದುಡಿಮೆಯ ಬಂದರನ್ನು ಕಾಣಬೇಕಾದವರು ಮಾತ್ರ ರೈನಿಯರ್ ನೋಮ್ಸ್‌ನ ಬಳಿ ಹೋಗಬೇಕು. ತನ್ನ ಚಿತ್ರಗಳಿಗೆ ನಾವಿಕ ಎಂದೇ ಸಹಿ ಹಾಕುತ್ತಿದ್ದ ಈತ ಹಡಗಿನಲ್ಲಿ ದುಡಿದು ಬಂದವನು. ಇವನ ಹಾಳೆಗಳಲ್ಲಿ ಧ್ವಜ, ವಂದನೆಯ ತೋಪುಗಳಿಗಿಂತ ರಿಪೇರಿಯೇ ಮುಂದು. ಕೂವೆಗೆ ಹಗ್ಗ ಬಿಗಿದು ಹಡಗನ್ನು ಒಂದು ಮಗ್ಗುಲಿಗೆ ಒರಗಿಸಿರುತ್ತಾರೆ. ತಳಕ್ಕೆ ಹಿಡಿದ ಪಾಚಿ, ಚಿಪ್ಪುಗಳನ್ನು ಬೆಂಕಿಯಲ್ಲಿ ಸುಟ್ಟು ಕೆರೆಯುತ್ತಿರುತ್ತಾರೆ. ಪಕ್ಕದ ತೆಪ್ಪದ ಮೇಲೆ ನಿಂತವರು ಹಲಗೆಯ ಸಂದಿಗೆ ನಾರು ತುರುಕಿ ಡಾಂಬರು ಬಳಿಯುತ್ತಾರೆ. ಆ ಹೊಗೆಯನ್ನು ತೆಳುಮಸಿಯ ಒಂದೇ ಎಳೆತದಲ್ಲಿ ಮೂಡಿಸಿದ ಬಗೆ ನೋಡಿದರೆ ಇವನ ಹೆಸರು ಇನ್ನಷ್ಟು ಜನಕ್ಕೆ ಗೊತ್ತಿರಬೇಕಿತ್ತು ಅನ್ನಿಸುತ್ತದೆ. ನಮ್ಮ ಮಂಗಳೂರು, ಮಲ್ಪೆಯ ಕಡೆ ಮರದ ದೋಣಿಯ ಸಂದಿಗೆ ನಾರು ತುಂಬುವುದನ್ನು ಕಂಡವರಿಗೆ ಈ ಹಾಳೆಗಳ ಕೆಲಸ ವಿವರಣೆಯಿಲ್ಲದೆ ತಿಳಿಯುತ್ತದೆ.

ಜಾನ್ ವಾನ್ ಗೋಯೆನ್ (1596–1656) ಲೇಖನಿಗಿಂತ ಕಪ್ಪು ಸೀಮೆಸುಣ್ಣವನ್ನು ನೆಚ್ಚಿದವನು. ಅದರ ಮೇಲೆ ಬೂದು ತೆಳುಮಸಿ ಹರಿಸುತ್ತಿದ್ದ. ಡಾರ್ಡ್ರೆಕ್ಟ್‌ನ ನದಿದಂಡೆ, ಮರಳಿನ ಮೇಲೆಳೆದ ಸ್ಕೆವೆನಿಂಗೆನ್‌ನ ಮೀನುದೋಣಿಗಳು, ಮೀನು ಕೊಳ್ಳಲು ನೆರೆದ ಜನ ಇವನ ವಸ್ತು. 1650ರ ಆಸುಪಾಸಿನ ಕೆಲವೇ ವರ್ಷಗಳಲ್ಲಿ ಸಹಿ, ಇಸವಿ ಸಮೇತ ನೂರಾರು ಹಾಳೆ ಬರೆದ. ಅವನ್ನು ಹಾಗೆಯೇ ಮಾರುತ್ತಿದ್ದ. ಟ್ಯುಲಿಪ್ ಗೆಡ್ಡೆಯ ಸಟ್ಟಾ ವ್ಯಾಪಾರದಲ್ಲಿ ಕೈಸುಟ್ಟುಕೊಂಡು ಸಾಲದಲ್ಲೇ ಸತ್ತವನಿಗೆ ಅದು ಬೇಕೂ ಆಗಿತ್ತು.

ರೆಂಬ್ರಾಂಟ್ ಕಡಲಚಿತ್ರಕಾರನಲ್ಲ. ಆದರೆ ನಗರದಂಚಿನ ನೀರಿನ ಬದಿಯಲ್ಲಿ ನಡೆಯುತ್ತ ಬರೆದ ಕೆಲವು ಹಾಳೆಗಳು ಈ ಪ್ರಕಾರದ ತುದಿಯಲ್ಲಿವೆ. ಹಡಗುಕಟ್ಟೆಯ ಬಳಿಯ ಮೊಂಟೆಲ್‌ಬಾನ್ ಗೋಪುರವನ್ನು ಕಂದುಮಸಿಯಲ್ಲಿ ಬರೆದಾಗ, 1606ರಲ್ಲಿ ಅದರ ಮೇಲೆ ಕಟ್ಟಿದ್ದ ಅಲಂಕಾರದ ಶಿಖರವನ್ನು ಅವನು ಬಿಟ್ಟೇಬಿಟ್ಟ. ಅವನಿಗೆ ಬೇಕಾದದ್ದು ಕೆಳಗಿನ ದಪ್ಪ ಹಳೆಯ ಕಟ್ಟಡ ಮಾತ್ರ. ವಾನ್ ಡೆ ವೆಲ್ಡ ಎಂದೂ ಹಾಗೆ ಮಾಡುತ್ತಿರಲಿಲ್ಲ. ಬಂದರು ರೆಂಬ್ರಾಂಟನ ಕೈಗೆ ಇನ್ನೊಂದು ಬಗೆಯಲ್ಲಿ ಬಂತು. ಕಂಪನಿಯ ಹಡಗುಗಳು ತಂದ ಏಷ್ಯಾದ ಕಾಗದದ ಮೇಲೆ, ಭಾರತದಿಂದ ಬಂದಿದ್ದ ಮೊಘಲ್ ಕಿರುಚಿತ್ರಗಳನ್ನು ನೋಡಿ ಅವನು ಬರೆದ 23ರಷ್ಟು ಮಸಿಚಿತ್ರಗಳು ಇಂದಿಗೂ ಉಳಿದಿವೆ.

ಇಂಥ ಹಾಳೆಗಳನ್ನು ಕೊಂಡವರು ಯಾರೆಂಬುದಕ್ಕೆ ಯಾನ್ ವಾನ್ ಡೆ ಕಾಪೆಲೆ ಉತ್ತಮ ಉದಾಹರಣೆ. ಬಟ್ಟೆಗೆ ಬಣ್ಣ ಹಾಕುವ ಕುಲಕಸುಬಿನ ಈ ಶ್ರೀಮಂತ, ಬಿಡುವಿನಲ್ಲಿ ನಿಶ್ಚಲ ನೀರಿನ ಅಪೂರ್ವ ಚಿತ್ರಗಳನ್ನು ಬರೆದ. 1679ರಲ್ಲಿ ಅವನು ಸತ್ತ ಬಳಿಕ ಮನೆಯಲ್ಲಿದ್ದದ್ದನ್ನು ಪಟ್ಟಿಮಾಡಿದಾಗ 7,000ಕ್ಕೂ ಹೆಚ್ಚು ರೇಖಾಚಿತ್ರಗಳು ಸಿಕ್ಕವು. ಕಡಲಚಿತ್ರಕಾರ ಸೈಮನ್ ಡೆ ವ್ಲೀಗರ್‌ನವೇ 1,300ಕ್ಕೂ ಹೆಚ್ಚು. ರೆಂಬ್ರಾಂಟನವು ಸುಮಾರು 500.

ಈ ಬಂದರುಗಳ ಚಿತ್ರದಲ್ಲಿ ಕಾಣದೇ ಹೋದದ್ದೂ ಬಹಳ. 1602ರಲ್ಲಿ ಹುಟ್ಟಿದ ಈಸ್ಟ್ ಇಂಡಿಯಾ ಕಂಪನಿ ತನ್ನ ಎರಡು ಶತಮಾನಗಳ ಬಾಳಿನಲ್ಲಿ ಸುಮಾರು 10 ಲಕ್ಷ ಜನರನ್ನು ಏಷ್ಯಾಕ್ಕೆ ಹಡಗು ಹತ್ತಿಸಿತು. ಮೂರರಲ್ಲೊಂದು ಪಾಲಿನಷ್ಟು ಜನ ಮಾತ್ರ ಹಿಂದಿರುಗಿದರು. 1621ರ ವೆಸ್ಟ್ ಇಂಡಿಯಾ ಕಂಪನಿ ಆಫ್ರಿಕಾದ ಗುಲಾಮರನ್ನು ಸಾಗಿಸಿತು. ದಡದಲ್ಲಿ ಬೀಳ್ಕೊಡುವವರು, ದೋಣಿಯೇರುವ ನಾವಿಕರು ಹಾಳೆಯ ಮೂಲೆಯಲ್ಲಿ ಚುಕ್ಕೆಗಳಂತೆ ಸಿಗುತ್ತಾರೆ. ಒಡಲಿನೊಳಗೆ ಏನಿದೆ, ಯಾರಿದ್ದಾರೆ ಎಂಬುದು ಹೊರಗೆ ನಿಂತು ಬರೆದವನ ಕಾಗದಕ್ಕೆ ಬರಲಿಲ್ಲ. ಹಡಗಿನ ಕೆತ್ತನೆಯ ಒಂದೊಂದು ಸುರುಳಿಯನ್ನೂ ಬಿಡದೆ ನೋಡಿದ ಕಣ್ಣುಗಳ ಮಿತಿ ಅದು. ಈ ಚಿತ್ರಗಳನ್ನು ಮೆಚ್ಚುವವರು ಇದನ್ನು ಜೊತೆಗಿಟ್ಟುಕೊಂಡೇ ಮೆಚ್ಚಬೇಕು.

18ನೆಯ ಶತಮಾನದಲ್ಲಿ ರಾಟರ್‌ಡಾಮ್‌ನ ಹೆಂಡ್ರಿಕ್ ಕೋಬೆಲ್‌ನಂಥವರು ಈ ಶೈಲಿಯನ್ನು ಮುಂದುವರಿಸಿದರು. ಹಾಳೆಗಳು ಹೆಚ್ಚು ನಯವಾದವು, ಹೆಚ್ಚು ಮುಗಿಸಿದಂತಾದವು, ಸಂಗ್ರಾಹಕರ ಆಲ್ಬಮ್ಮುಗಳನ್ನು ಸೇರಿದವು. ಹಳೆಯ ಅವಸರ ಕಡಿಮೆಯಾಯಿತು. 19ನೆಯ ಶತಮಾನದಲ್ಲಿ ಯೋಹಾನ್ ಬಾರ್ಟೋಲ್ಡ್ ಯೋಂಗ್‌ಕಿಂಡ್ ಫ್ರಾನ್ಸಿನ ಹೊಂಫ್ಲೂರ್ ಬಂದರಿನಲ್ಲಿ ಕುಳಿತು ಆ ಅವಸರವನ್ನು ಮರಳಿ ತಂದ. ತನ್ನ ಕಣ್ಣಿಗೆ ತರಬೇತಿ ಕೊಟ್ಟವನು ಅವನೆಂದು ಫ್ರೆಂಚ್ ಚಿತ್ರಕಾರ ಮೊನೆ ಕೃತಜ್ಞತೆಯಿಂದ ನೆನೆದಿದ್ದಾನೆ. 1888ರಲ್ಲಿ ವಿನ್ಸೆಂಟ್ ವಾನ್ ಗೋ ದಕ್ಷಿಣ ಫ್ರಾನ್ಸಿನ ಸೇಂಟ್ ಮಾರಿ ಕಡಲದಡದ ಮೀನುದೋಣಿಗಳನ್ನು ಜೊಂಡಿನ ಲೇಖನಿಯಿಂದ ಬರೆದ. ಅಷ್ಟರಲ್ಲಿ ಆಮ್‌ಸ್ಟರ್‌ಡಾಮಿನ ಹಳೆಯ ನೋಟವೇ ಕಣ್ಮರೆಯಾಗುತ್ತಿತ್ತು. 1876ರಲ್ಲಿ ಉತ್ತರ ಸಮುದ್ರ ಕಾಲುವೆ ತೆರೆದು ಹಡಗುಗಳ ದಾರಿ ಬದಲಾಯಿತು. ಐ ಹಿನ್ನೀರಿನಲ್ಲೇ ಕೃತಕ ದ್ವೀಪಗಳನ್ನು ಎಬ್ಬಿಸಿ ಕಟ್ಟಿದ ಕೇಂದ್ರ ರೈಲುನಿಲ್ದಾಣ 1889ರಲ್ಲಿ ತೆರೆದ ಮೇಲೆ, ನಗರಕ್ಕೂ ಅದರ ಬಂದರಿಗೂ ನಡುವೆ ಗೋಡೆ ಬಂದಂತಾಯಿತು.

ಇಂದು ವಾನ್ ಡೆ ವೆಲ್ಡರ ಸುಮಾರು 1,400 ಹಾಳೆಗಳು ಗ್ರಿನಿಚ್‌ನ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯದಲ್ಲಿವೆ. ರಾಟರ್‌ಡಾಮ್‌ನ ಬೋಯ್‌ಮಾನ್ಸ್ ಸಂಗ್ರಹವೂ ದೊಡ್ಡದು. ರೈಕ್ಸ್ ಮ್ಯೂಸಿಯಂ, ಬ್ರಿಟಿಷ್ ಮ್ಯೂಸಿಯಂಗಳಲ್ಲಿ ಇತರರ ಹಾಳೆಗಳೂ ಸಾಕಷ್ಟು ಸಿಗುತ್ತವೆ. ಆದರೆ ಅವು ಸದಾ ನೋಡಲು ಸಿಗುವುದಿಲ್ಲ. ಬೆಳಕು ಮಾಚಿಕಾಯಿ ಮಸಿಯನ್ನು ಕಂದಿಸುತ್ತದೆ. ಅದರೊಳಗಿನ ಆಮ್ಲ ಮತ್ತು ಕಬ್ಬಿಣ ಕಾಗದವನ್ನು ಗೆರೆಯುದ್ದಕ್ಕೂ ತಿಂದು ತೂತುಮಾಡುತ್ತವೆ. ಹೀಗಾಗಿ ಮಂದ ಬೆಳಕಿನಲ್ಲಿ ಕೆಲವು ತಿಂಗಳು ಪ್ರದರ್ಶಿಸಿ, ಮತ್ತೆ ವರ್ಷಗಟ್ಟಲೆ ಕತ್ತಲ ಪೆಟ್ಟಿಗೆಯಲ್ಲಿ ಇಡುತ್ತಾರೆ. ದೀಪದ ಕಾಡಿಗೆಯ ಬೂದು ಮಾತ್ರ ಬರೆದ ದಿನದಷ್ಟೇ ಗಟ್ಟಿ.

ಯಾವ ಹಾಳೆ ತಂದೆಯದು, ಯಾವುದು ಮಗನದು ಎಂದು ವಿಂಗಡಿಸುವುದು ಸುಲಭವಲ್ಲ. ಗ್ರಿನಿಚ್ ಸಂಗ್ರಹವನ್ನು ಎಂ. ಎಸ್. ರಾಬಿನ್‌ಸನ್ 1958 ಮತ್ತು 1974ರಲ್ಲಿ ಎರಡು ಸಂಪುಟಗಳಲ್ಲಿ ಪಟ್ಟಿಮಾಡಿದರು. ಇಂಥ ಕೆಲಸಕ್ಕೆ ಆಧಾರಗಳು ಹಲವು: ಟಿಪ್ಪಣಿಯ ಕೈಬರಹ, ಕಾಗದದ ನೀರುಗುರುತು, ಧ್ವಜಗಳ ಸ್ಥಾನ, ಹಿಂಬದಿಯ ಕೆತ್ತನೆ. ತಂದೆಯ ಗೆರೆ ನಿಧಾನ, ವಿವರದಲ್ಲಿ ಹಟಮಾರಿ. ಮಗನದು ಅವಸರದ್ದು, ಬೆಳಕಿನ ಕಡೆ ಓಡುವಂಥದ್ದು. ಈ ಹಾಳೆಗಳಿಗೆ ಇನ್ನೊಂದು ಉಪಯೋಗವೂ ಇದೆ. ಅಂದಿನ ಡಚ್ ಬಡಗಿಗಳು ಹಡಗನ್ನು ಸಾಮಾನ್ಯವಾಗಿ ನಕ್ಷೆಯಿಲ್ಲದೆ, ಕಣ್ಣಳತೆ ಮತ್ತು ಲೆಕ್ಕದ ಸೂತ್ರಗಳಿಂದಲೇ ಕಟ್ಟುತ್ತಿದ್ದರು. ಆದಕಾರಣ ಆ ಹಡಗುಗಳ ಮಾದರಿಗಳನ್ನು ಈಗ ಮತ್ತೆ ಕಟ್ಟುವವರು ನಿಕೊಲಾಸ್ ವಿಟ್ಸನ್ 1671ರಲ್ಲಿ ಪ್ರಕಟಿಸಿದ ಹಡಗುನಿರ್ಮಾಣದ ಗ್ರಂಥವನ್ನು ಒಂದು ಕಡೆ, ಈ ಬೂದು ಹಾಳೆಗಳನ್ನು ಇನ್ನೊಂದು ಕಡೆ ಇಟ್ಟುಕೊಂಡು, ಕಿಂಡಿಗಳನ್ನು ಒಂದೊಂದಾಗಿ ಎಣಿಸುತ್ತಾರೆ.